ತೊಟ್ಟಿಲ ಕೂಸೂ ನಡೆವ ಕೂಸೂ

ಎರಡನೆಯ ಮಗು ಹುಟ್ಟಿದ ಮನೆಗೆ ನೋಡಲು ಹೋಗತಕ್ಕವರು ಪದ್ಧತಿಯಂತೆ ನೇರವಾಗಿ ತೊಟ್ಟಿಲಿನ ಬಳಿಗೆ ನಡೆಯುತ್ತಾರೆ. ಮೂಗು ಯಾರದು, ಬಣ್ಣ ಯಾರದು ಎಂಬ ಚರ್ಚೆ ಆರಂಭವಾಗುತ್ತದೆ. ತಂದ ಅಂಗಿ ಕುಲಾವಿಗಳು ಬಾಣಂತಿಯ ಕೈ ಸೇರುತ್ತವೆ. ಇಷ್ಟೆಲ್ಲ ನಡೆಯುತ್ತಿರುವಾಗ ಬಾಗಿಲ ಪರದೆಯ ಮರೆಯಲ್ಲಿ ಇನ್ನೊಂದು ಜೀವವು ನಿಂತಿರುವುದುಂಟು. ಅದಕ್ಕೆ ವಯಸ್ಸು ಎರಡು, ಹೆಚ್ಚೆಂದರೆ ಎರಡೂವರೆ. ಮೂರು ತಿಂಗಳ ಹಿಂದೆ ಇದೇ ಜನರು ಅದನ್ನು ಎತ್ತಿಕೊಳ್ಳಲು ತಾ ಮುಂದು ತಾ ಮುಂದು ಎನ್ನುತ್ತಿದ್ದರು. ಈಗ ಅದಕ್ಕೆ ‘ದೊಡ್ಡವನು’ ಅಥವಾ ‘ದೊಡ್ಡವಳು’ ಎಂಬ ಬಿರುದು ಬಂದಿದೆ. ಬಿರುದನ್ನು ಅದು ಬೇಡಿರಲಿಲ್ಲ. ಬಿರುದಿನೊಡನೆ ಬರುವ ಹೊಣೆಗಳೇನೆಂಬುದೂ ಅದಕ್ಕೆ ತಿಳಿಯದು. ಅಮ್ಮನ ಮಡಿಲಿನಲ್ಲಿ ಸ್ಥಳವಿಲ್ಲ ಎಂಬುದೊಂದು ಮಾತ್ರ ಚೆನ್ನಾಗಿ ತಿಳಿದಿದೆ.

ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದು ಕೈಗೂಸೊಂದು, ಆಗತಾನೆ ನಡೆಯಲು ಕಲಿತ ಮಗುವೊಂದು, ಇವೆರಡೂ ಒಟ್ಟಿಗೆ ಇರುವ ಮನೆಯ ದಿನಚರಿಯನ್ನು ಕುರಿತು. ಎಳೆಗೂಸಿನ ಪಾಲನೆಯನ್ನು ಕುರಿತು ಪುಸ್ತಕಗಳುಂಟು, ಹಿರಿಯರ ಉಪದೇಶವುಂಟು. ಒಂದು ಮಗುವಿನ ಮೇಲೆ ಇನ್ನೊಂದು ಬಂದಾಗ ಮನೆಯು ಹೇಗೆ ನಡೆಯುತ್ತದೆಂಬುದನ್ನು ವಿವರಿಸಿ ಹೇಳುವವರು ವಿರಳ. ‘ಎಲ್ಲರೂ ಸಾಕಿಲ್ಲವೇ?’ ಎಂಬುದೇ ಸಾಮಾನ್ಯವಾದ ಉತ್ತರ. ಎಲ್ಲರೂ ಸಾಕಿದ್ದಾರೆ, ನಿಜ. ಆದರೆ ಹಿಂದೆ ಸಾಕಿದ ಮನೆಯಲ್ಲಿ ಅಜ್ಜಿ, ಸೋದರತ್ತೆ, ವಿಧವೆಯಾದ ದೊಡ್ಡಮ್ಮ, ಹತ್ತು ವರ್ಷದ ಅಕ್ಕಂದಿರು, ಹೀಗೆ ಆರೇಳು ಸೊಂಟಗಳಿದ್ದವು. ಇಂದು ನಗರದ ಮೂರನೆಯ ಅಂತಸ್ತಿನ ಮನೆಯಲ್ಲಿ ಹಗಲು ಹೊತ್ತು ಇರುವುದು ಒಂದೇ ಸೊಂಟ.

ಮಕ್ಕಳು ಎರಡಾದರೆ ಕೆಲಸವೂ ಎರಡರಷ್ಟು ಎಂದು ಲೆಕ್ಕ ಹಾಕುವವರಿದ್ದಾರೆ. ‘ಒಂದಕ್ಕೆ ಮಾಡುವ ಕೆಲಸದಲ್ಲೇ ಇನ್ನೊಂದರದೂ ಆಗಿಹೋಗುತ್ತದೆ’ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಎರಡೂ ಸರಿಯಾದ ಲೆಕ್ಕವಲ್ಲ. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಕೂಸು ದಿನಕ್ಕೆ ೧೪ರಿಂದ ೧೭ ಗಂಟೆಗಳ ಕಾಲ ನಿದ್ರಿಸುತ್ತದೆ. ಒಂದು ವರ್ಷ ತುಂಬಿ ಮೂರರೊಳಗಿರುವ ಮಗುವಿಗೆ ಹಗಲಿನ ನಿದ್ರೆಯೂ ಸೇರಿ ೧೧ರಿಂದ ೧೪ ಗಂಟೆ ಬೇಕು. ಕಾಗದದ ಮೇಲೆ ಬರೆದು ನೋಡಿದರೆ ತಾಯಿಗೆ ದಿನಕ್ಕೆ ಹತ್ತು ಗಂಟೆಯಾದರೂ ಬಿಡುವಿದೆಯೆಂದು ತೋರುವುದು. ಆದರೆ ಈ ಎರಡು ನಿದ್ರೆಗಳು ಒಂದೇ ಹೊತ್ತಿಗೆ ಬರುವುದಿಲ್ಲ. ಹಗಲು ಇರುಳುಗಳ ಭೇದವನ್ನು ಅರಿಯುವ ಗಡಿಯಾರವೊಂದು ನಮ್ಮೆಲ್ಲರ ದೇಹದಲ್ಲಿಯೂ ಉಂಟಷ್ಟೆ. ಹಸುಗೂಸಿನಲ್ಲಿ ಅದು ನೆಟ್ಟಗೆ ನಡೆಯತೊಡಗುವುದು ಎರಡು ಮೂರು ತಿಂಗಳಾದ ಮೇಲೆ. ಅಲ್ಲಿಯವರೆಗೆ ಕೂಸಿಗೆ ಮಧ್ಯಾಹ್ನವೂ ಒಂದೇ, ಮಧ್ಯರಾತ್ರಿಯೂ ಒಂದೇ. ಹಿರಿಯ ಮಗುವಿನ ಗಡಿಯಾರವಾದರೋ ಆಗಲೇ ಸರಿಯಾಗಿ ನಡೆಯುತ್ತಿದೆ; ಬೆಳಗ್ಗೆ ಆರಕ್ಕೆ ಅದು ಎದ್ದು ಕೂರುತ್ತದೆ. ರಾತ್ರಿ ಕಿರಿಯದು ಎಬ್ಬಿಸುತ್ತದೆ, ಬೆಳಗಾಗುತ್ತಲೂ ಹಿರಿಯದು ಎಬ್ಬಿಸುತ್ತದೆ. ಎಳೆಗೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲೂಡಬೇಕು. ಒಂದು ಸಲಕ್ಕೆ ಅರ್ಧ ಗಂಟೆಯೆಂದರೂ ಹತ್ತು ಸಲಕ್ಕೆ ಐದು ಗಂಟೆಗಳಾದವು. ಆ ಐದು ಗಂಟೆಯೂ ತಾಯಿಯು ಕುಳಿತಲ್ಲಿಂದ ಏಳಲಾರಳು. ಆ ಐದು ಗಂಟೆಯೂ ಹಿರಿಯ ಮಗುವು ಎಚ್ಚರವಾಗಿದ್ದರೆ ಮನೆಯ ಯಾವ ಮೂಲೆಗೆ ಬೇಕಾದರೂ ಹೋಗಬಲ್ಲದು.

ಕೆಲಸದ ಭಾರಕ್ಕಿಂತ ಮನಸ್ಸು ಇಬ್ಬಗೆಯಾಗುವುದೇ ಹೆಚ್ಚಿನ ಕಷ್ಟ. ಭಾಗವತದ ದಶಮಸ್ಕಂಧದಲ್ಲಿ ಯಶೋದೆಯು ಕೃಷ್ಣನಿಗೆ ಹಾಲೂಡುತ್ತಿರುವಾಗ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಆಕೆ ಮಗುವನ್ನು ಕೆಳಗಿಳಿಸಿ ಒಲೆಯ ಕಡೆಗೆ ಓಡುತ್ತಾಳೆ. ಮಗುವು ಸಿಟ್ಟಿಗೆದ್ದು ಮೊಸರಿನ ಗಡಿಗೆಯನ್ನು ಒಡೆಯುತ್ತದೆ. ಪುರಾಣಿಕರು ಇದಕ್ಕೆ ದೊಡ್ಡ ದೊಡ್ಡ ಅರ್ಥಗಳನ್ನು ಹೇಳುತ್ತಾರೆ, ಹೇಳಲಿ. ಮನೆ ನಡೆಸುವವರಿಗೆ ಅದು ದಿನಕ್ಕೆ ನಾಲ್ಕು ಸಲ ನಡೆಯುವ ಸಂಗತಿ. ಉಕ್ಕುವ ಹಾಲಿನ ಸ್ಥಾನದಲ್ಲಿ ಅಳುವ ತಮ್ಮನನ್ನೋ ತಂಗಿಯನ್ನೋ ಇಟ್ಟರೆ ಗಡಿಗೆ ಒಡೆಯುವುದಕ್ಕೆ ಕಾರಣವೇನೆಂಬುದು ತಾನೇ ಹೊಳೆಯುವುದು.

ಎರಡು ವರ್ಷದ ಮಗುವಿನ ಬುದ್ಧಿಯು ಎಷ್ಟರಮಟ್ಟಿಗೆ ಬೆಳೆದಿರುತ್ತದೆಂಬುದನ್ನು ಇಲ್ಲಿ ವಿಚಾರಿಸಬೇಕು. ಅದು ಎರಡೆರಡು ಪದಗಳನ್ನು ಕೂಡಿಸಿ ಮಾತನಾಡಬಲ್ಲದು. ‘ಬೇಡ’, ‘ನಾನೇ’, ‘ನಂದು’ ಎಂಬ ಮೂರು ಮಾತುಗಳಿಂದ ಅರ್ಧ ದಿನವನ್ನು ನಡೆಸಬಲ್ಲದು. ಆದರೆ ಕಾಲದ ಕಲ್ಪನೆ ಅದಕ್ಕಿಲ್ಲ. ‘ಇನ್ನೆರಡು ತಿಂಗಳಿಗೆ ನಿನಗೆ ಪಾಪು ಬರುತ್ತದೆ’ ಎಂದರೆ ಅದರ ಪಾಲಿಗೆ ಏನನ್ನೂ ಹೇಳಿದಂತಾಗಲಿಲ್ಲ. ‘ಆಮೇಲೆ ಎತ್ತಿಕೊಳ್ಳುತ್ತೇನೆ’ ಎಂಬುದು ಅದಕ್ಕೆ ‘ಎತ್ತಿಕೊಳ್ಳುವುದಿಲ್ಲ’ ಎಂಬಷ್ಟೇ ಕೇಳಿಸುವುದು. ಹಾಗಲ್ಲದೆ ‘ಪಾಪು ಹಾಲು ಕುಡಿದಾಯಿತೆಂದರೆ ನಿನ್ನ ಸರದಿ’ ಎಂದು ಕಣ್ಣಿಗೆ ಕಾಣುವ ಗುರುತೊಂದನ್ನು ಹೇಳಿ, ಹೇಳಿದಂತೆಯೇ ನಡೆದುಕೊಂಡರೆ, ಕೆಲವು ದಿನಗಳಲ್ಲಿ ಅದು ಕಾಯುವುದನ್ನು ಕಲಿಯುತ್ತದೆ. ಹೇಳಿದಂತೆ ಒಂದು ಸಲ ನಡೆಯದಿದ್ದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಹೆರಿಗೆಯ ಸೂತಕಕ್ಕೆ ನಮ್ಮಲ್ಲಿ ಪುರುಡು ಎಂದು ಹೆಸರು. ಹಳಗನ್ನಡದಲ್ಲಿ ಪುರುಡು ಎಂಬ ಶಬ್ದಕ್ಕೆ ಮಾತ್ಸರ್ಯ, ಸ್ಪರ್ಧೆ ಎಂಬ ಅರ್ಥವೂ ಉಂಟು. ಎರಡು ಶಬ್ದಗಳಿಗೂ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದೇ ಮನೆಯಲ್ಲಿ ಎರಡೂ ಒಂದೇ ವಾರದಲ್ಲಿ ಕಾಲಿಡುತ್ತವೆ ಎನ್ನುವುದಷ್ಟೇ ನನ್ನ ಮಾತು. ಹತ್ತು ದಿನಗಳ ಪುರುಡು ಕಳೆಯುತ್ತದೆ, ಎರಡನೆಯದು ಅಷ್ಟು ಬೇಗ ಕಳೆಯುವುದಿಲ್ಲ. ಅದನ್ನು ಹೆಚ್ಚಿಸುವುದರಲ್ಲಿ ಬಂಧುಗಳ ಹಾಸ್ಯಕ್ಕೆ ದೊಡ್ಡ ಪಾಲಿದೆ. ‘ನಿನ್ನನ್ನು ತೌಡು ಕೊಟ್ಟು ಕೊಂಡುಕೊಂಡದ್ದು, ಪಾಪು ಮಾತ್ರ ನಮ್ಮ ಮನೆಯದು’ ಎಂಬುದು ಕನ್ನಡ ನಾಡಿನಲ್ಲಿ ತಲೆತಲಾಂತರದಿಂದ ನಡೆದುಬಂದ ಹಾಸ್ಯ. ‘ಇನ್ನು ಅಮ್ಮ ನಿನ್ನವಳಲ್ಲ’ ಎಂಬುದು ಇನ್ನೊಂದು. ಏಳೆಂಟು ವರ್ಷದ ಮಗು ಇದನ್ನು ಕೇಳಿ ನಕ್ಕೀತು. ಎರಡು ವರ್ಷದ ಮಗುವು ದೊಡ್ಡವರು ಹೇಳಿದ್ದನ್ನು ಹೇಳಿದಂತೆಯೇ ನಂಬುತ್ತದೆ. ಅದಕ್ಕೆ ಪರಿಹಾಸ್ಯದ ವ್ಯಾಕರಣ ಇನ್ನೂ ತಿಳಿಯದು. ಹೀಗೆ ಚುಡಾಯಿಸುವ ಮಾವಂದಿರನ್ನೂ ಚಿಕ್ಕಮ್ಮಂದಿರನ್ನೂ ತಾಯಿ ತಂದೆಗಳು ಸಂಕೋಚವಿಲ್ಲದೆ ತಡೆಯಬೇಕೆಂಬುದು ನನ್ನ ಅಭಿಪ್ರಾಯ. ನೆಂಟರಿಗೆ ಬೇಸರವಾದರೆ ಒಂದು ಲೋಟ ಕಾಫಿಯಿಂದ ಅದನ್ನು ಸರಿಪಡಿಸಬಹುದು.

ಈ ಮಾತ್ಸರ್ಯವನ್ನು ಕುರಿತು ಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ. ಇಂಗ್ಲೆಂಡಿನ ಕೇಂಬ್ರಿಜ್ ಪ್ರಾಂತದಲ್ಲಿ ಜೂಡಿ ಡನ್, ಕ್ಯಾರಲ್ ಕೆಂಡ್ರಿಕ್ ಎಂಬ ಇಬ್ಬರು ವಿದುಷಿಯರು ೪೦ ಕುಟುಂಬಗಳ ಮನೆಗಳಿಗೇ ಹೋಗಿ ಕುಳಿತು, ಎರಡನೆಯ ಮಗು ಹುಟ್ಟುವುದಕ್ಕೆ ಮೊದಲೂ ಆಮೇಲೂ ಅಲ್ಲಿ ನಡೆದುದನ್ನು ಬರೆದುಕೊಂಡರು. ಅವರ ಗ್ರಂಥವು ೧೯೮೨ರಲ್ಲಿ ಪ್ರಕಟವಾಯಿತು. ಬಹುಪಾಲು ಹಿರಿಯ ಮಕ್ಕಳಲ್ಲಿ ತುಂಟತನ, ಹಟ, ಅಳು, ತಾಯಿಯನ್ನು ಬಿಡದೆ ಅಂಟಿಕೊಳ್ಳುವುದು ಹೆಚ್ಚಾದುದನ್ನು ಅವರು ಕಂಡರು. ಬಚ್ಚಲಿನ ಅಭ್ಯಾಸವಾಗಿದ್ದ ಮಗು ಮತ್ತೆ ಚಡ್ಡಿ ಒದ್ದೆ ಮಾಡಿಕೊಳ್ಳುವುದು, ಲೋಟದಲ್ಲಿ ಕುಡಿಯುತ್ತಿದ್ದುದು ಬಾಟಲಿ ಕೇಳುವುದು ಇವು ನಮ್ಮ ಮನೆಗಳಲ್ಲಿಯೂ ಕಾಣುವಂಥವೇ. ತಾಯಿಯು ಕೂಸನ್ನು ಎತ್ತಿಕೊಂಡಿರುವಾಗಲೇ ಕಿಡಿಗೇಡಿತನವು ಹೆಚ್ಚು. ಅದೇ ಕಾಲದಲ್ಲಿ ಕೆಲವು ಮಕ್ಕಳು ತಾವೇ ಉಣ್ಣುವುದು, ತಾವೇ ಬಟ್ಟೆ ತೊಡುವುದು ಮುಂತಾಗಿ ಒಂದು ಹೆಜ್ಜೆ ಮುಂದೆ ಹೋದುದೂ ಉಂಟು. ಹಿಂದಕ್ಕೂ ಮುಂದಕ್ಕೂ ಒಮ್ಮೆಗೇ ನಡೆಯುವುದು ಆ ವಯಸ್ಸಿನ ಸ್ವಭಾವ.

ಅವರು ಕಂಡ ಇನ್ನೊಂದು ಸಂಗತಿಯು ನಮಗೆ ಹೆಚ್ಚು ಉಪಯುಕ್ತವಾದುದು. ಕೂಸು ಹುಟ್ಟಿದ ಮೊದಲ ವಾರಗಳಲ್ಲಿ ಯಾವ ತಾಯಂದಿರು ಹಿರಿಯ ಮಗುವಿನೊಡನೆ ಕೂಸಿನ ವಿಚಾರವಾಗಿ ‘ಅದಕ್ಕೂ ಹಸಿವಾಗಿದೆ, ಅದಕ್ಕೇ ಅಳುತ್ತಿದೆ’, ‘ನೋಡು, ನಿನ್ನ ಮುಖವನ್ನೇ ನೋಡುತ್ತಿದೆ’, ‘ಏನು ಮಾಡೋಣ ಹೇಳು’ ಎಂಬ ಬಗೆಯಲ್ಲಿ ಮಾತನಾಡಿದ್ದರೋ, ಆ ಮನೆಗಳಲ್ಲಿ ಒಂದು ವರ್ಷ ಕಳೆದ ಮೇಲೆ ಮಕ್ಕಳಿಬ್ಬರ ಸ್ನೇಹವು ಹೆಚ್ಚಾಗಿತ್ತು. ಕೂಸೆಂದರೆ ಅಮ್ಮನನ್ನು ಕಸಿದುಕೊಂಡ ಒಂದು ಗಂಟಲ್ಲ, ಅದಕ್ಕೂ ಹಸಿವು ಚಳಿ ಬೇಸರಗಳುಂಟು ಎಂಬುದನ್ನು ಯಾರಾದರೂ ಹೇಳಿಕೊಟ್ಟಲ್ಲದೆ ಎರಡು ವರ್ಷದ ಮಗು ತಾನಾಗಿ ತಿಳಿಯಲಾರದು. ಈ ಮಾತಿಗೆ ಹಣ ಖರ್ಚಿಲ್ಲ, ಬೇರೆ ಹೊತ್ತೂ ಬೇಡ. ಹಾಲೂಡುತ್ತ ಕುಳಿತಾಗಲೇ ಆಡಬಹುದು. ‘ಮುಟ್ಟಬೇಡ, ಎದ್ದುಬಿಡುತ್ತೆ, ದೂರ ಹೋಗು’ ಎಂಬ ಮೂರು ನಿಷೇಧಗಳನ್ನು ದಿನಕ್ಕೆ ಐವತ್ತು ಸಲ ಕೇಳುವುದಕ್ಕೆ ಬದಲಾಗಿ, ಕುಳಿತುಕೊಂಡು ಮಡಿಲಲ್ಲಿ ದಿಂಬಿಟ್ಟು ಕೂಸನ್ನು ಎರಡು ನಿಮಿಷ ಹಿಡಿದುಕೊಳ್ಳುವ ಅವಕಾಶವೂ, ಒಗೆದ ಬಟ್ಟೆಯನ್ನು ತಂದುಕೊಡುವ ಅಧಿಕಾರವೂ ಹಿರಿಯದಕ್ಕೆ ದೊರೆತರೆ ‘ದೊಡ್ಡವನು’ ಎಂಬ ಬಿರುದಿಗೆ ಸ್ವಲ್ಪ ಅರ್ಥ ಬಂದೀತು.

ಇಷ್ಟು ಹೊತ್ತು ಮನಸ್ಸಿನ ಮಾತಾಯಿತು. ದೇಹದ ವಿಚಾರವು ಇದಕ್ಕಿಂತಲೂ ಗಂಭೀರವಾದುದು.

ಮುಂದಿನ ಮಗುವು ಹೊಟ್ಟೆಯಲ್ಲಿದೆಯೆಂದು ತಿಳಿದೊಡನೆ ಹಿಂದಿನದಕ್ಕೆ ಹಾಲು ಬಿಡಿಸುವುದು ನಮ್ಮ ಎಷ್ಟೋ ಮನೆಗಳ ರೂಢಿ. ಎದೆಗೆ ಬೇವಿನೆಲೆಯನ್ನು ಅರೆದು ಹಚ್ಚುತ್ತಾರೆ. ಇಲ್ಲವೆ ಮಗುವನ್ನು ಹದಿನೈದು ದಿನ ಅಜ್ಜಿಯ ಊರಿಗೆ ಕಳುಹಿಸುತ್ತಾರೆ. ಬಸುರಿಯ ಹಾಲು ಕೆಟ್ಟುಹೋಗುತ್ತದೆಂಬ ನಂಬಿಕೆ ಇದಕ್ಕೆ ಕಾರಣ. ಆದರೆ ಹಾಲು ಕಡಿಮೆಯಾದೀತು, ರುಚಿ ಬದಲಾದೀತು, ಕೆಡುವುದಿಲ್ಲ. ಆರೋಗ್ಯವಂತಳಾದ ಗರ್ಭಿಣಿಗೆ ಹಾಲೂಡುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಹಿಂದೆ ಗರ್ಭಪಾತವಾಗಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ ವೈದ್ಯರ ಮಾತಿನಂತೆ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಮೊದಲ ಆರು ತಿಂಗಳು ತಾಯಿಯ ಹಾಲನ್ನಲ್ಲದೆ ಬೇರೇನನ್ನೂ ಕೊಡಬಾರದೆಂದೂ, ಆಮೇಲೆ ಇತರ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಬೇಕೆಂದೂ ಹೇಳುತ್ತದೆ. ಬಿಡಿಸಲೇಬೇಕಾದರೆ ಮೆಲ್ಲಮೆಲ್ಲನೆ, ಒಂದೊಂದೇ ಹೊತ್ತಿನದಾಗಿ ಬಿಡಿಸಬೇಕು. ಬಿಡಿಸಿದ ಹಾಲಿನ ಸ್ಥಾನದಲ್ಲಿ ಅದಕ್ಕೆ ಸಮನಾದ ಆಹಾರವು ಬರಬೇಕು. ಇವೆರಡೂ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಆಫ್ರಿಕದ ಒಂದು ನಿದರ್ಶನವಿದೆ.

ಜಮೈಕಾ ದ್ವೀಪದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಗೋಲ್ಡ್ ಕೋಸ್ಟ್ ಪ್ರಾಂತದಲ್ಲಿ ಕೆಲಸ ಮಾಡುತ್ತಿದ್ದರು; ೧೯೫೭ರಲ್ಲಿ ಸ್ವತಂತ್ರವಾಗಿ ಘಾನಾ ಎಂಬ ಹೆಸರನ್ನು ತಾಳಿದ ದೇಶವೇ ಅದು. ಒಂದು ವರ್ಷದಿಂದ ನಾಲ್ಕು ವರ್ಷದೊಳಗಿನ ಮಕ್ಕಳು ಕೈಕಾಲು ಬಾತು, ಚರ್ಮ ಸುಲಿದು, ಕೂದಲು ಬಣ್ಣಗೆಟ್ಟು, ಆಟವಿಲ್ಲದೆ ನಗುವಿಲ್ಲದೆ ಕುಳಿತು ಸಾಯುವುದನ್ನು ಅವರು ಕಂಡರು. ೧೯೩೩ರಲ್ಲಿ ಇದನ್ನು ಕುರಿತು ಒಂದು ಲೇಖನವನ್ನು ಬರೆದರು. ೧೯೩೫ರ ಲೇಖನದಲ್ಲಿ ಅದಕ್ಕೆ ಅಲ್ಲಿಯ ತಾಯಂದಿರ ಗಾ ಭಾಷೆಯ ಹೆಸರನ್ನೇ ಕೊಟ್ಟರು. ಆ ಹೆಸರು ಕ್ವಾಶಿಯೋರ್ಕರ್. ಮುಂದಿನ ಮಗು ಹುಟ್ಟಿದಾಗ ಸ್ಥಾನ ಕಳೆದುಕೊಂಡ ಮಗುವಿಗೆ ಬರುವ ಬೇನೆ ಎಂದು ಅದರ ಭಾವ. ಎದೆಹಾಲು ತಪ್ಪಿದ ಮಗುವಿಗೆ ಅಲ್ಲಿ ಸಿಗುತ್ತಿದ್ದುದು ಜೋಳದ ತೆಳು ಗಂಜಿಯೊಂದೇ. ಸಸಾರಜನಕದ ಕೊರತೆಯೊಂದೇ ಇದಕ್ಕೆ ಕಾರಣವೆಂಬ ಹಳೆಯ ವಿವರಣೆ ಸಾಲದೆಂದೂ, ಸೋಂಕು ಮೊದಲಾದವೂ ಇದರಲ್ಲಿ ಸೇರಿವೆಯೆಂದೂ ಈಗ ತಿಳಿದಿದೆ. ಆದರೂ ರೋಗದ ಮೂಲವನ್ನು ಮನೆಯ ಸಂಬಂಧದಲ್ಲಿ ಗುರುತಿಸಿ ಹೆಸರಿಟ್ಟ ಆ ತಾಯಂದಿರ ಕಣ್ಣು ಬಹು ಸೂಕ್ಷ್ಮವಾದುದು.

ನಗರದ ವಿದ್ಯಾವಂತರ ಮನೆಯಲ್ಲಿ ಈ ರೋಗವನ್ನು ಕಾಣುವುದು ಅಪರೂಪ. ಆದರೆ ಅದರ ದೂರದ ನೆಂಟನನ್ನು ಕಾಣುತ್ತೇವೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇಡೀ ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ಆಹಾರವು ದೊರೆಯುತ್ತಿದ್ದುದು ನೂರಕ್ಕೆ ೧೧ ಮಂದಿಗೆ ಮಾತ್ರ. ಇದು ಬಡತನದ ಮಾತು ಮಾತ್ರವಲ್ಲ. ಎರಡನೆಯ ಕೂಸು ಬಂದ ಮನೆಯಲ್ಲಿ ಹಿರಿಯದರ ಊಟವು ಅವಸರಕ್ಕೆ ಸಿಕ್ಕುತ್ತದೆ. ಅಳುವನ್ನು ನಿಲ್ಲಿಸಲು ಬಿಸ್ಕತ್ತು, ಊಟಕ್ಕೆ ಕೂರಿಸಲು ಹೊತ್ತಿಲ್ಲದಿದ್ದಾಗ ಒಂದು ಬಾಟಲಿ ಹಸುವಿನ ಹಾಲು, ಸಂಜೆಗೆ ಮತ್ತೊಂದು. ಹಾಲು ಒಳ್ಳೆಯದೇ, ಆದರೆ ಈ ವಯಸ್ಸಿನಲ್ಲಿ ದಿನಕ್ಕೆ ಅರ್ಧ ಲೀಟರನ್ನು ಮೀರಿದರೆ ಅದು ಹಸಿವನ್ನು ಕೊಲ್ಲುವುದು. ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆಯಾದುದರಿಂದ ಮಗುವು ದುಂಡಗಿದ್ದರೂ ರಕ್ತಹೀನವಾಗಬಹುದು.

ಎರಡು ವರ್ಷದ ಮಗುವಿಗೆ ದಿನಕ್ಕೆ ಸುಮಾರು ೧೦೦೦ ಕ್ಯಾಲರಿಗಳಷ್ಟು ಆಹಾರ ಬೇಕು. ಎಂದರೆ ದೊಡ್ಡವರ ಆಹಾರದ ಅರ್ಧದಷ್ಟು. ಹೊಟ್ಟೆಯು ಚಿಕ್ಕದಾದ್ದರಿಂದ ಅದನ್ನು ಐದು ಸಲವಾಗಿ ಕೊಡಬೇಕು. ಇಲ್ಲಿ ನಮ್ಮ ಹಳೆಯ ರಾಗಿ ಸರಿಯ ವಿಷಯವಾಗಿ ಎರಡು ಮಾತು ಹೇಳಲೇಬೇಕು. ರಾಗಿಯನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹುರಿದು ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಜಾಲಿಸುವ ಈ ಕ್ರಮವನ್ನು ಅಜ್ಜಿಯರು ಕಾರಣ ತಿಳಿಸದೆ ಕಲಿಸಿದರು. ಕಾರಣ ಹೀಗಿದೆ: ಯಾವ ಹಿಟ್ಟನ್ನು ಬೇಯಿಸಿದರೂ ಪಿಷ್ಟವು ನೀರು ಹೀರಿ ಉಬ್ಬಿ ಗಟ್ಟಿಯಾಗುತ್ತದೆ, ಮಗು ನುಂಗುವಷ್ಟು ತೆಳುವಾಗಿಸಲು ನೀರು ಹೆಚ್ಚಿಸಿದರೆ ಹೊಟ್ಟೆ ತುಂಬುತ್ತದೆ, ಪುಷ್ಟಿ ಸಾಲದು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಪಿಷ್ಟವನ್ನು ಕತ್ತರಿಸುವ ಕಿಣ್ವವೊಂದು ಹುಟ್ಟುತ್ತದೆ. ಆದುದರಿಂದ ಮೊಳಕೆಯ ಹಿಟ್ಟನ್ನು ಹೆಚ್ಚು ಹಾಕಿದರೂ ಸರಿಯು ತೆಳುವಾಗಿಯೇ ಉಳಿಯುವುದು. ಅದೇ ಬಟ್ಟಲಿನಲ್ಲಿ ಹೆಚ್ಚು ಅನ್ನ ಹಿಡಿಸಿದಂತಾಯಿತು. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದಲ್ಲಿಯೂ ಮೊಳಕೆಯ ಧಾನ್ಯಗಳ ಶಿಶು ಆಹಾರವನ್ನು ಕುರಿತು ಪ್ರಯೋಗಗಳು ನಡೆದಿವೆ. ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವುಂಟು. ಆರು ತಿಂಗಳು ತುಂಬಿದ ಕಿರಿಯದಕ್ಕೂ ಎರಡೂವರೆ ವರ್ಷದ ಹಿರಿಯದಕ್ಕೂ ಒಂದೇ ಪಾತ್ರೆಯಲ್ಲಿ ಸರಿ ಮಾಡಿ, ಹಿರಿಯದಕ್ಕೆ ಗಟ್ಟಿಯಾಗಿಯೂ ಬೇಳೆ, ತುಪ್ಪ, ಸೊಪ್ಪು ಬೆರೆಸಿಯೂ ಕೊಟ್ಟರೆ ಒಲೆಯ ಮುಂದೆ ಅರ್ಧ ಗಂಟೆ ಉಳಿಯುವುದು. ಅಂಗಡಿಯ ಡಬ್ಬಿಗಳನ್ನು ನಾನು ಬೇಡವೆನ್ನುವುದಿಲ್ಲ. ಅವುಗಳ ಬೆಲೆಯನ್ನು ನೋಡಿದವರು ತಾವೇ ಯೋಚಿಸಿಕೊಳ್ಳಲಿ.

ಇನ್ನು ಕೂಸಿನ ರಕ್ಷಣೆ. ಹಸುಗೂಸಿಗೆ ಬರುವ ಕೆಮ್ಮು ನೆಗಡಿಗಳು ಅನೇಕ ವೇಳೆ ಹಿರಿಯ ಮಗುವಿನ ಮೂಲಕವೇ ಬರುತ್ತವೆ. ಶಿಶುವಿಹಾರಕ್ಕೆ ಹೋಗುವ ಮಗುವಾದರೆ ವಾರಕ್ಕೊಂದನ್ನು ಮನೆಗೆ ತರುವುದು. ಇವುಗಳಲ್ಲಿ ಭಯಪಡಬೇಕಾದುದು ನಾಯಿಕೆಮ್ಮು. ಕೂಸಿಗೆ ಇದರ ಚುಚ್ಚುಮದ್ದು ಆರಂಭವಾಗುವುದು ಆರನೆಯ ವಾರದಲ್ಲಿ. ಮುಂದೆ ಹತ್ತನೆಯ ಹಾಗೂ ಹದಿನಾಲ್ಕನೆಯ ವಾರಗಳಲ್ಲಿ. ಆ ಮೊದಲ ಆರು ವಾರ ಅದಕ್ಕೆ ಸ್ವಂತ ಕವಚವಿಲ್ಲ. ಹಿರಿಯದಕ್ಕೆ ೧೬ರಿಂದ ೨೪ ತಿಂಗಳೊಳಗೆ ಕೊಡಬೇಕಾದ ವರ್ಧಕ ಚುಚ್ಚುಮದ್ದನ್ನು ಬಾಣಂತನದ ಗಡಿಬಿಡಿಯಲ್ಲಿ ಮರೆಯುವ ಮನೆಗಳು ಬಹಳ. ಅದನ್ನು ಹೆರಿಗೆಗೆ ಮೊದಲೇ ಮುಗಿಸಿಕೊಂಡರೆ ಒಂದೇ ಸೂಜಿಯಿಂದ ಇಬ್ಬರಿಗೂ ಉಪಕಾರವಾದಂತೆ.

ಪ್ರೀತಿಯಿಂದಲೂ ಅಪಾಯವುಂಟು. ಎರಡು ವರ್ಷದ ಮಗುವಿಗೆ ತಾನು ತಿನ್ನುವುದನ್ನು ತಮ್ಮನ ಬಾಯಿಗೂ ಇಡುವ ಔದಾರ್ಯ ಬರುವುದು. ಕಡಲೆಕಾಯಿ ಬೀಜ, ಚಕ್ಕುಲಿ ಚೂರು, ದ್ರಾಕ್ಷಿ, ಇವು ಕೂಸಿನ ಉಸಿರುನಾಳವನ್ನು ಕಟ್ಟುವ ವಸ್ತುಗಳು. ಆದುದರಿಂದ ಹಿರಿಯದರ ತಿಂಡಿಯು ಊಟದ ಮಣೆಯ ಬಳಿಯಲ್ಲೇ ಮುಗಿಯತಕ್ಕದ್ದು, ಕೈಯಲ್ಲಿ ಹಿಡಿದು ಓಡಾಡತಕ್ಕದ್ದಲ್ಲ. ಅದೇ ರೀತಿ ಹಿರಿಯದಕ್ಕೆ ಕೆಮ್ಮಿಗೆಂದು ಕೊಟ್ಟ ಜೇನುತುಪ್ಪವನ್ನು ಕೂಸಿಗೂ ನೆಕ್ಕಿಸುವುದು ಸಲ್ಲದು. ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಕುಗ್ಗಿಸುವುದೆಂದು ೧೯೭೬ರಲ್ಲಿ ಗೊತ್ತಾಯಿತು. ಮಲಗಿಸುವ ವಿಷಯದಲ್ಲಿ ಕೂಸನ್ನು ಬೆನ್ನ ಮೇಲೆ ಮಲಗಿಸಬೇಕು, ಮುಖದ ಬಳಿ ದಿಂಬು ರಜಾಯಿಗಳಿರಬಾರದು, ಹಿರಿಯ ಮಗುವನ್ನು ಅದರ ಪಕ್ಕಕ್ಕೆ ಹಾಕಬಾರದು. ಅಕ್ಕತಂಗಿಯರು ತಬ್ಬಿಕೊಂಡು ಮಲಗುವ ದೃಶ್ಯ ಚೆನ್ನ. ನಿದ್ರೆಯಲ್ಲಿ ಹೊರಳಿದ ಎರಡು ವರ್ಷದ ಕಾಲಿಗೆ ಅಡಿಯಲ್ಲಿ ಏನಿದೆಯೆಂಬ ಅರಿವಿರದು. ತಾಯಿಯು ಕೂಸಿಗೆ ಎಣ್ಣೆ ನೀರು ಹಾಕುತ್ತಿರುವಾಗ ಹಿರಿಯದು ಎಲ್ಲಿದೆಯೆಂಬುದನ್ನು ಯಾರಾದರೊಬ್ಬರು ನೋಡಿಕೊಳ್ಳಬೇಕು; ಬಕೆಟ್ಟಿನಲ್ಲಿ ಒಂದು ಗೇಣು ನೀರಿದ್ದರೂ ಬಗ್ಗಿದ ಮಗುವು ಮುಳುಗಬಲ್ಲದು.

ಈಗ ತಾಯಿಯ ಮಾತು. ಎಳೆಗೂಸಿನ ಅಳುವನ್ನು ಅಮೆರಿಕದ ಬ್ರೇಜಲ್ಟನ್ ಎಂಬ ವೈದ್ಯರು ೮೦ ಕೂಸುಗಳಲ್ಲಿ ಲೆಕ್ಕವಿಟ್ಟು ೧೯೬೨ರಲ್ಲಿ ಪ್ರಕಟಿಸಿದರು. ಅಳುವು ವಾರವಾರಕ್ಕೂ ಏರಿ, ಆರನೆಯ ವಾರದಲ್ಲಿ ದಿನಕ್ಕೆ ಸುಮಾರು ಎರಡೂ ಮುಕ್ಕಾಲು ಗಂಟೆಯಾಗಿ, ಆಮೇಲೆ ಇಳಿಯುವುದೆಂದು ಅದರಿಂದ ತಿಳಿಯಿತು. ಸಂಜೆಯ ಹೊತ್ತೇ ಅಳುವಿಗೆ ಮೆಚ್ಚಿನ ಕಾಲ. ಈಗ ನಮ್ಮ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ತವರಿನಿಂದ ಬಂದ ತಾಯಿ ಬಾಣಂತನ ಮುಗಿಸಿ ಊರಿಗೆ ಹೊರಡುವುದು ನಲವತ್ತನೆಯ ದಿನದ ಸುಮಾರಿಗೆ; ಎಂದರೆ ಸರಿಯಾಗಿ ಆರನೆಯ ವಾರ. ಅಳುವು ಶಿಖರಕ್ಕೇರಿದಾಗಲೇ ಕೈಗಳು ಕಡಿಮೆಯಾಗುತ್ತವೆ. ಚೊಚ್ಚಲ ಬಾಣಂತನವು ಹೇಗೋ ಸಾಗುತ್ತದೆ, ಏಕೆಂದರೆ ಕೂಸು ಮಲಗಿದಾಗ ತಾಯಿಯೂ ಮಲಗಬಹುದು. ಎರಡನೆಯದರಲ್ಲಿ ಆ ಉಪಾಯವು ನಡೆಯದು. ಬರಬಹುದಾದ ಅಜ್ಜಿಯೊಬ್ಬಳೇ ಇದ್ದರೆ ಮೊದಲ ಎರಡು ವಾರ ಬೇರೆ ಏರ್ಪಾಡು ಮಾಡಿಕೊಂಡು, ಆಕೆಯನ್ನು ಎರಡನೆಯ ತಿಂಗಳ ಕೊನೆಯವರೆಗೆ ಉಳಿಸಿಕೊಳ್ಳುವುದು ಜಾಣತನ.

ಆ ಬೇರೆ ಏರ್ಪಾಡು ಯಾವುದೆಂದರೆ ಮನೆಯ ಯಜಮಾನನು. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ಹೆರಿಗೆಯ ಸಂದರ್ಭದಲ್ಲಿ ೧೫ ದಿನಗಳ ರಜೆಯುಂಟು. ಉದ್ಯೋಗದಲ್ಲಿರುವ ತಾಯಂದಿರಿಗೆ ಮೊದಲ ಎರಡು ಮಕ್ಕಳ ಹೆರಿಗೆಗೆ ೨೬ ವಾರಗಳ ರಜೆಯು ೨೦೧೭ರ ಕಾನೂನಿನ ತಿದ್ದುಪಡಿಯಿಂದ ದೊರೆಯಿತು. ತಂದೆಯ ಆ ಹದಿನೈದು ದಿನಗಳು ಹೆಸರಿಡುವ ಶಾಸ್ತ್ರದ ಸಾಮಾನು ತರುವುದರಲ್ಲಿಯೂ ನೆಂಟರನ್ನು ನಿಲ್ದಾಣಕ್ಕೆ ಬಿಡುವುದರಲ್ಲಿಯೂ ಮುಗಿಯುವುದನ್ನು ನಾವೆಲ್ಲ ಬಲ್ಲೆವು. ಕೂಸಿಗೆ ಹಾಲೂಡುವುದು ಅವನಿಂದಾಗದು. ಆದರೆ ಹಿರಿಯ ಮಗುವಿಗೆ ಮೀಯಿಸುವುದು, ಉಣಿಸುವುದು, ಮಲಗಿಸುವುದು ಎಲ್ಲವೂ ಆದೀತು. ಇದನ್ನು ಹೆರಿಗೆಯಾದ ದಿನ ಆರಂಭಿಸಿದರೆ ಮಗುವು ‘ಅಮ್ಮನೇ ಬೇಕು’ ಎಂದು ಕೂಗುವುದು ಸಹಜ, ಏಕೆಂದರೆ ಆ ಹೊತ್ತಿಗೆ ಅಪ್ಪನೂ ಒಂದು ನಷ್ಟದ ಗುರುತಾಗಿಬಿಟ್ಟಿರುತ್ತಾನೆ. ಎರಡು ಮೂರು ತಿಂಗಳ ಮೊದಲೇ ಆರಂಭಿಸಬೇಕು.

ತಾಯಂದಿರಿಗೆ ಬೇಸರವೂ ಸಿಟ್ಟೂ ಬರುವುದನ್ನು ಪಾಪವೆಂದು ಎಣಿಸುವವರುಂಟು. ಲಂಡನ್ನಿನ ಶಿಶುವೈದ್ಯರಾದ ವಿನಿಕಾಟರು ೧೯೪೩ರಿಂದ ಮೊದಲ್ಗೊಂಡು ಹಲವು ವರ್ಷಗಳ ಕಾಲ ಬಿ.ಬಿ.ಸಿ.ಯಲ್ಲಿ ತಾಯಂದಿರನ್ನು ಕುರಿತು ಮಾತನಾಡಿದರು. ೧೯೬೦ರ ಭಾಷಣಗಳಲ್ಲಿ ಮಕ್ಕಳಿಂದ ತಾಯಂದಿರಿಗೆ ಆಗುವ ಕಿರಿಕಿರಿಯನ್ನೇ ವಿಷಯವಾಗಿ ತೆಗೆದುಕೊಂಡರು. ಇಂಥ ವಿಷಯಗಳು ಬಾನುಲಿಗೆ ಒಪ್ಪುತ್ತವೆ. ಹಾಲೂಡುವವಳಿಗೆ ಪುಸ್ತಕ ಹಿಡಿಯಲು ಕೈಯಿಲ್ಲ, ಕಿವಿಯುಂಟು. ಮೈಸೂರಿನಲ್ಲಿ ೧೯೩೫ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದನ್ನು ಈ ಸಂದರ್ಭದಲ್ಲಿ ನೆನೆಯುವುದು ಯುಕ್ತ. ಹೆರಿಗೆಯಾದ ಮೊದಲ ವಾರದಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಬಹಳ ಮಂದಿಯಲ್ಲಿ ಕಾಣುವುದು, ತಾನಾಗಿ ಹೋಗುವುದು. ಎರಡು ವಾರಗಳಾದ ಮೇಲೂ ದುಃಖವು ತೊಲಗದೆ, ನಿದ್ರೆ ಹಸಿವುಗಳು ಕೆಟ್ಟು, ಕೂಸಿನ ಮೇಲೆ ಮನಸ್ಸೇ ಬಾರದಿದ್ದರೆ ಅದು ರೋಗ, ಅದಕ್ಕೆ ಚಿಕಿತ್ಸೆಯುಂಟು. ದೃಷ್ಟಿ ತೆಗೆದು ಸುಮ್ಮನಾಗಬಾರದು.

ಇಬ್ಬರ ನಡುವಣ ಅಂತರವು ಎಷ್ಟಿರಬೇಕು? ಒಂದು ಹೆರಿಗೆಯಾಗಿ ಎರಡು ವರ್ಷವಾದರೂ ಕಳೆದ ಮೇಲೆ ಮುಂದಿನ ಗರ್ಭವು ನಿಲ್ಲುವುದು ತಾಯಿಗೂ ಮಕ್ಕಳಿಗೂ ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಎಂದರೆ ಮಕ್ಕಳ ನಡುವೆ ಸುಮಾರು ಮೂರು ವರ್ಷ. ಹಾಲೂಡುವವಳಿಗೆ ಗರ್ಭ ನಿಲ್ಲದೆಂಬ ಮಾತು ಅರ್ಧ ಸತ್ಯ. ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲೊಂದನ್ನೇ ಕೊಡುತ್ತಿರಬೇಕು, ತಾಯಿಯು ಮತ್ತೆ ಮುಟ್ಟಾಗಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಆ ರಕ್ಷಣೆಯನ್ನು ನಂಬುವಂತಿಲ್ಲ. ಬಹಳ ಮನೆಗಳಲ್ಲಿ ಎರಡನೆಯದು ‘ಅನಿರೀಕ್ಷಿತವಾಗಿ’ ಬರುವುದು ಈ ಅರ್ಧ ಸತ್ಯದ ಬಾಗಿಲಿನಿಂದಲೇ. ಇದನ್ನು ಬಹಿರಂಗವಾಗಿ ಹೇಳುವುದಕ್ಕೆ ಸಂಕೋಚಪಡುವವರು ಒಂದನ್ನು ನೆನೆಯಬೇಕು: ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯುವಂತೆ ೧೯೩೦ರಲ್ಲಿಯೇ ಆಜ್ಞೆ ಮಾಡಿತ್ತು. ಒಂದು ಸರ್ಕಾರವೇ ಇಂಥ ಕಾರ್ಯಕ್ಕೆ ಕೈಹಾಕಿದುದು ಲೋಕದಲ್ಲಿ ಮೊದಲೆಂದು ಗಣಿಸುತ್ತಾರೆ. ನಮ್ಮ ಅಜ್ಜಂದಿರ ಕಾಲದ ಆ ಧೈರ್ಯವನ್ನು ಮೊಮ್ಮಕ್ಕಳಾದ ನಾವು ಕಳೆದುಕೊಳ್ಳಬೇಕಾದ ಕಾರಣವಿಲ್ಲ.

ಮೊದಲ ಆರೇಳು ತಿಂಗಳು ಹೀಗೆ ಕಳೆದು ಮನೆಯು ಒಂದು ಹದಕ್ಕೆ ಬಂತೆನ್ನುವಷ್ಟರಲ್ಲಿ ಕೂಸು ಅಂಬೆಗಾಲಿಡುವುದು. ಇದು ಎರಡನೆಯ ಘಟ್ಟ. ಇದಕ್ಕೆ ಯಾರೂ ಸಿದ್ಧರಾಗಿರುವುದಿಲ್ಲ. ಅಲ್ಲಿಯವರೆಗೆ ತೊಟ್ಟಿಲಲ್ಲಿದ್ದು ಅಮ್ಮನನ್ನು ಮಾತ್ರ ಕಸಿದುಕೊಂಡಿದ್ದ ಜೀವವು ಈಗ ಬಂದು ಮರದ ಕುದುರೆಯನ್ನೂ ಬಣ್ಣದ ಚೆಂಡನ್ನೂ ಹಿಡಿಯುತ್ತದೆ. ಹಿರಿಯದು ಕಿತ್ತುಕೊಳ್ಳುತ್ತದೆ, ಕಿರಿಯದು ಅಳುತ್ತದೆ, ದೊಡ್ಡವರು ಬಂದು ‘ನೀನು ದೊಡ್ಡವನಲ್ಲವೇ, ಕೊಟ್ಟುಬಿಡು’ ಎಂದು ತೀರ್ಪು ಕೊಡುತ್ತಾರೆ. ಈ ತೀರ್ಪು ದಿನವೂ ಒಂದೇ ಕಡೆಗೆ ಬಿದ್ದರೆ ಕಿರಿಯದು ಅಳುವಿನ ಬೆಲೆಯನ್ನೂ ಹಿರಿಯದು ತಿವಿಯುವ ಗುಟ್ಟನ್ನೂ ಕಲಿಯುತ್ತವೆ. ಮೂರು ವರ್ಷದ ಮಗುವಿಗೆ ‘ನನ್ನದು’ ಎಂಬುದು ಇನ್ನೂ ಹೊಸದಾಗಿ ಕೈಗೆ ಬಂದ ಭಾವ; ತನ್ನದೆಂಬುದು ಭದ್ರವಾಗಿದೆಯೆಂದು ತಿಳಿದ ಮೇಲಲ್ಲದೆ ಅದು ಹಂಚಿಕೊಳ್ಳಲಾರದು. ಆದುದರಿಂದ ಹಿರಿಯದರ ನಾಲ್ಕಾರು ಮೆಚ್ಚಿನ ವಸ್ತುಗಳಿಗೆ ಒಂದು ಹಲಗೆಯನ್ನು ಗೋಡೆಗೆ ಹೊಡೆಸಿಕೊಟ್ಟು, ಅಲ್ಲಿರುವುದು ಅದರದೇ ಎಂದು ಮನೆಯವರೆಲ್ಲ ಒಪ್ಪಿಕೊಳ್ಳಬೇಕು. ನೆಲದ ಮೇಲಿರುವುದು ಇಬ್ಬರದೂ. ಹಲಗೆಯು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದ್ದರೆ ಹಿರಿಯದರ ಕೈಗೆ ಎಟುಕುವುದು, ಅಂಬೆಗಾಲಿಡುವುದರ ಕೈಗೆ ಎಟುಕದು. ಕಿರಿಯದು ಹಿಡಿದುಕೊಂಡು ನಿಲ್ಲಲು ಕಲಿತ ವಾರದಲ್ಲಿ ಅದನ್ನು ಒಂದು ಗೇಣು ಮೇಲಕ್ಕೆ ಏರಿಸತಕ್ಕದ್ದು.